ಒತ್ತಕ್ಷರ ಕಾಣದ ಕಣ್ಣು

ನನಗೆ ಗೊತ್ತಾಗಿದ್ದು ಬಚ್ಚಲುಮನೆಯಲ್ಲಿ. ಕಳೆದ ವರ್ಷ ಫೆಬ್ರವರಿಯ ಒಂದು ಭಾನುವಾರ. ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಸೀಗೆಪುಡಿ ಎಡಗಣ್ಣಿಗೆ ಹೋಯಿತು. ಉರಿ ತಡೆಯಲಾರದೆ ಆ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ, ಬಲಗಣ್ಣು ಬಿಟ್ಟು ಚೊಂಬು ಹುಡುಕಿದೆ. ಎದುರಿಗೆ ನಲ್ಲಿ ಕಾಣಿಸಿತು. ಅದರ ಕೆಳಗಿದ್ದ ಬಕೆಟ್ ಕಾಣಿಸಲಿಲ್ಲ. ನೀರು ಬೀಳುವ ಸದ್ದು ಕೇಳುತ್ತಿದೆ, ಬೀಳುವ ನೀರು ಕಾಣುತ್ತಿಲ್ಲ. ನಲ್ಲಿಯ ಕೆಳಗೆ ಬೂದಿ ಬಣ್ಣದ ಮಬ್ಬು, ಆವಿ ಹಿಡಿದ ಕನ್ನಡಿಯ ಹಾಗೆ.

ಕಣ್ಣಿಗೆ ಎಣ್ಣೆ ಇಳಿದಿರಬೇಕು ಅಂದುಕೊಂಡೆ. ಮುಖ ತೊಳೆದೆ, ಒರೆಸಿಕೊಂಡೆ. ಎರಡೂ ಕಣ್ಣು ಬಿಟ್ಟರೆ ಎಲ್ಲ ಸರಿಯಾಗಿತ್ತು. ಎಡಗಣ್ಣು ಮುಚ್ಚಿದರೆ ಮತ್ತೆ ಅದೇ ಮಬ್ಬು. ನೋವಿಲ್ಲ, ತುರಿಕೆಯಿಲ್ಲ, ಕಣ್ಣು ಕೆಂಪಾಗಿರಲಿಲ್ಲ. ನೋವಿಲ್ಲದ್ದರಿಂದಲೇ ನಾನು ಹನ್ನೆರಡು ದಿನ ಕಳೆದುಕೊಂಡೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನನ್ನ ಕೆಲಸ ಪ್ರೂಫ್ ನೋಡುವುದು. ಮೈಸೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ 26 ವರ್ಷದಿಂದ ಇದೇ ಮಾಡುತ್ತಿದ್ದೇನೆ. ಮದುವೆ ಕಾಗದದಿಂದ ಹಿಡಿದು ಪಿಎಚ್‌.ಡಿ. ಪ್ರಬಂಧದವರೆಗೆ ಎಲ್ಲ ನನ್ನ ಕಣ್ಣಿನ ಮುಂದೆ ಹಾದುಹೋಗಿವೆ. ಸೋಮವಾರ ಪ್ರೆಸ್ಸಿಗೆ ಹೋದವಳು ಒಂದು ಪುಸ್ತಕದ ಮುಖಪುಟವನ್ನು ತೆಗೆದುಕೊಂಡು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದೆ. ದೊಡ್ಡ ಅಕ್ಷರಗಳ ಮೈ ಮಬ್ಬಾಗಿಯಾದರೂ ಕಾಣುತ್ತಿತ್ತು. ಕೆಳಗಿನ ಒತ್ತಕ್ಷರ ಮಾತ್ರ ಇರಲಿಲ್ಲ. ‘ಅಕ್ಕ’ ಅನ್ನುವುದು ‘ಅಕ’ ಆಗಿತ್ತು. ‘ಹಬ್ಬ’ ಹೋಗಿ ‘ಹಬ’ ಉಳಿದಿತ್ತು. ಹತ್ತಿರ ಹಿಡಿದರೂ ಇಲ್ಲ, ದೂರ ಹಿಡಿದರೂ ಇಲ್ಲ. ಲೆಕ್ಕದ ಪುಸ್ತಕದ ಗೆರೆಗಳನ್ನು ನೋಡಿದೆ. ನೇರವಾಗಿರಬೇಕಾದ ಗೆರೆ ನಡುವೆ ಒಂದು ಕಡೆ ಕೆಳಕ್ಕೆ ಜಗ್ಗಿದ ಹಾಗಿತ್ತು, ಬಟ್ಟೆ ಒಣಹಾಕಿದ ಹಗ್ಗದ ಹಾಗೆ.

ಪ್ರೆಸ್ಸಿನ ಯಜಮಾನರು “ಪೊರೆ ಶುರುವಾಗಿರ್ಬೇಕು ಮೇಡಂ, ವಯಸ್ಸಾಯ್ತಲ್ಲ” ಅಂದರು. ನನಗೆ ಆಗ 57. ನಮ್ಮ ಕಡೆ ಕಣ್ಣು ಮಂಜಾದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಪೊರೆಯೇ. ಅದಕ್ಕೆ ಕಾರಣವೂ ಇದೆ. ನಮ್ಮ ಅಜ್ಜಿ ಡಾ. ಎಂ.ಸಿ. ಮೋದಿ ಅವರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು ಬಂದು, ದಪ್ಪ ಕನ್ನಡಕ ಹಾಕಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಿದ್ದನ್ನು ನೋಡಿ ಬೆಳೆದವಳು ನಾನು. ಪೊರೆಯಾದರೆ ಅವಸರವೇನಿಲ್ಲ, ಬಲಿತ ಮೇಲೆ ತೆಗೆಸಿದರಾಯಿತು ಅನ್ನುವ ಮಾತು ತಲೆಯಲ್ಲಿ ಕೂತಿತ್ತು. ಪೊರೆ ನಿಧಾನವಾಗಿ, ತಿಂಗಳುಗಟ್ಟಲೆ ಕಣ್ಣನ್ನೆಲ್ಲ ಮಂಜು ಮಾಡುತ್ತದೆ. ಅದು ಒಂದೇ ದಿನದಲ್ಲಿ ಬರುವುದಿಲ್ಲ, ಅರ್ಧ ಭಾಗವನ್ನು ಮಾತ್ರ ಮರೆಮಾಡುವುದೂ ಇಲ್ಲ. ಇದು ಆಗ ನನಗೆ ಹೊಳೆಯಲಿಲ್ಲ.

ಬುಧವಾರ ಒಂದು ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಮಷೀನಿನಲ್ಲಿ ನೋಡಿ, ನಂಬರ್ ಬದಲಾಗಿದೆ ಅಂದ. ಬಲಗಣ್ಣಿಗೆ ಯಾವ ಗಾಜು ಹಾಕಿದರೂ ಓದಲಾಗುತ್ತಿಲ್ಲ ಅಂತ ನಾನು ಹೇಳುತ್ತಲೇ ಇದ್ದೆ. ಹೊಸ ಕನ್ನಡಕ ಬರಲು ಒಂದು ವಾರ ಹಿಡಿಯಿತು. ಬಂದ ಕನ್ನಡಕದಲ್ಲಿ ಎಡಗಣ್ಣಿಗೆ ಚೆನ್ನಾಗಿ ಕಂಡಿತು. ಬಲಗಣ್ಣಿಗೆ ‘ಅಕ್ಕ’ ಇನ್ನೂ ‘ಅಕ’ವೇ.

ಅವತ್ತು ರಾತ್ರಿ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಬೆಂಗಳೂರಿನಲ್ಲಿದ್ದಾಳೆ. “ಅಮ್ಮ, ಗಾಜು ಹಾಕಿದ್ರೂ ಕಾಣ್ಸಲ್ಲ ಅಂದ್ರೆ ಅದು ನಂಬರ್ ಅಲ್ಲ. ನಾಳೆನೇ ಕಣ್ಣಿನ ಆಸ್ಪತ್ರೆಗೆ ಹೋಗು. ಕಾಯ್ಬೇಡ” ಅಂತ ಹೇಳಿ ಅತ್ತೇಬಿಟ್ಟಳು. ಮಾರನೇ ದಿನ ನಮ್ಮ ಯಜಮಾನರ ಜೊತೆ ಹೊರಟೆ.

ಕಣ್ಣಿನ ಆಸ್ಪತ್ರೆಗೆ ಹೋದವರಿಗೆ ಗೊತ್ತು, ಅಲ್ಲಿ ಒಂದು ದಿನ ಪೂರ್ತಿ ಹೋಗುತ್ತದೆ. ಚೀಟಿ ಮಾಡಿಸಿದ ಮೇಲೆ ಮೊದಲು ಗೋಡೆಯ ಬೋರ್ಡಿನ ಅಕ್ಷರ ಓದಿಸಿದರು. ಎಡಗಣ್ಣು 6/9. ಬಲಗಣ್ಣು 6/24. ಅಂದರೆ ಒಳ್ಳೆಯ ಕಣ್ಣು 24 ಮೀಟರಿನಿಂದ ಓದುವುದನ್ನು ನನ್ನ ಬಲಗಣ್ಣು 6 ಮೀಟರ್ ಹತ್ತಿರ ಬಂದು ಓದುತ್ತಿದೆ. ಸಣ್ಣ ತೂತಿನ ಕಪ್ಪು ತಟ್ಟೆಯೊಂದನ್ನು ಕಣ್ಣಿಗೆ ಹಿಡಿದು ಮತ್ತೆ ಓದಿಸಿದರು. ಕನ್ನಡಕದ ನಂಬರಿನ ತೊಂದರೆಯಾಗಿದ್ದರೆ ಆ ತೂತಿನಲ್ಲಿ ಅಕ್ಷರ ಸ್ಪಷ್ಟವಾಗುತ್ತದಂತೆ. ನನಗೆ ಏನೂ ಬದಲಾಗಲಿಲ್ಲ. ಕಣ್ಣಿನ ಒತ್ತಡ ನೋಡಿದರು, 16, ಸರಿಯಾಗಿತ್ತು. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಮತ್ತೆ ಅದಕ್ಕೆ ಆಡಿಸಿ ಪಾಪೆ ಹೇಗೆ ಕುಗ್ಗುತ್ತದೆ ಅಂತ ನೋಡಿದರು. ಅದೂ ಸರಿಯಿತ್ತು. ಆಮೇಲೆ ನರ್ಸ್ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಒಮ್ಮೆ ನೋಡಿ ಸುಮ್ಮನಾದರು. ಐದು ನಿಮಿಷ ಕೂರಿಸಿ ಮತ್ತೆ ನೋಡಿದರು. 176/102.

“ಬಿಪಿ ಮಾತ್ರೆ ತಗೋತೀರಾಮ್ಮ?”

ತೆಗೆದುಕೊಳ್ಳುತ್ತಿದ್ದೆ. ಹಿಂದಿನ ದೀಪಾವಳಿ ಹೊತ್ತಿಗೆ ಬಿಟ್ಟಿದ್ದೆ. ಯಾರೂ ಬಿಡಲು ಹೇಳಿರಲಿಲ್ಲ. ಒಂದು ಸಲ ತೋರಿಸಿದಾಗ ನಾರ್ಮಲ್ ಇದೆ ಅಂದರು. ನಾರ್ಮಲ್ ಆದಮೇಲೆ ಇನ್ನೇಕೆ ಮಾತ್ರೆ ಅಂದುಕೊಂಡೆ. ಮಾತ್ರೆ ತೆಗೆದುಕೊಂಡದ್ದರಿಂದಲೇ ನಾರ್ಮಲ್ ಇತ್ತು ಅನ್ನುವುದು ಅರ್ಥವಾಗಲು ನನಗೆ ಒಂದು ಕಣ್ಣಿನ ಬೆಲೆ ಬೇಕಾಯಿತು.

ಪಾಪೆ ಅಗಲವಾಗಲು ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿಕೊಂಡು ಕೂರಲು ಹೇಳಿದರು. ಹತ್ತು ನಿಮಿಷಕ್ಕೊಮ್ಮೆ ಒಬ್ಬ ಹುಡುಗಿ ಬಂದು ಮತ್ತೆ ಹಾಕುತ್ತಿದ್ದಳು. ಆ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತವರೆಲ್ಲ ಮಾತಾಡುತ್ತಿರುತ್ತಾರೆ. ಮುಖ ನೋಡದೆ ಆಗುವ ಪರಿಚಯ ಅದು. ನನ್ನ ಪಕ್ಕ ಕೂತಿದ್ದವರು ನಂಜನಗೂಡು ಕಡೆಯ ರೈತರು, ದನಿ ಕೇಳಿದರೆ ಎಪ್ಪತ್ತು ದಾಟಿದವರು. ಅವರ ಕಥೆ ಮುಂದೆ ಹೇಳುತ್ತೇನೆ.

ರೆಟಿನಾ ಅಂದರೆ ಅಕ್ಷಿಪಟಲ, ಕಣ್ಣಿನ ಹಿಂದಿನ ಪರದೆ. ಅದನ್ನು ನೋಡುವ ಡಾಕ್ಟರ್ ನಲವತ್ತರ ಆಸುಪಾಸಿನ ಹೆಂಗಸು. ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಒಂದು ಗಾಜು ಹಿಡಿದು, ಮೇಲೆ ನೋಡಿ, ಕೆಳಗೆ ನೋಡಿ, ಎಡಕ್ಕೆ ನೋಡಿ ಅನ್ನುತ್ತ ಬಹಳ ಹೊತ್ತು ನೋಡಿದರು. ಆ ಬೆಳಕು ತಡೆಯುವುದು ಕಷ್ಟ. ಕಣ್ಣಲ್ಲಿ ಧಾರಾಕಾರ ನೀರು. ಆಮೇಲೆ ಕಣ್ಣಿನ ಒಳಗಿನ ಫೋಟೋ ತೆಗೆಸಿ ಕಂಪ್ಯೂಟರಿನಲ್ಲಿ ತೋರಿಸಿದರು.

ಎಡಗಣ್ಣಿನದು ಮೊದಲು. ಕಿತ್ತಳೆ ಬಣ್ಣದ ನೆಲ, ಒಂದು ಕಡೆ ಹಳದಿ ಚಂದ್ರನ ಹಾಗೆ ನರದ ತುದಿ, ಅದರಿಂದ ಮರದ ಕೊಂಬೆಗಳಂತೆ ಹರಡಿದ ಕೆಂಪು ಗೆರೆಗಳು. ನೋಡಲು ಚೆಂದವಿತ್ತು. ಆಮೇಲೆ ಬಲಗಣ್ಣಿನದು. ಮೇಲಿನ ಅರ್ಧದಲ್ಲಿ, ಹೊರಮೂಲೆಯ ಕಡೆಗೆ, ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಕುಂಕುಮ ಚೆಲ್ಲಿ ಬೆರಳಿಂದ ಎಳೆದಂತಿತ್ತು. ಉರಿಯ ನಾಲಗೆಯಂಥ ಕೆಂಪು ಗೀರುಗಳು, ನಡುನಡುವೆ ಹತ್ತಿಯ ಉಂಡೆಯಂಥ ಬಿಳಿ ಚುಕ್ಕೆಗಳು. ಒಂದು ರಕ್ತನಾಳ ಊದಿಕೊಂಡು ಹಾವಿನ ಹಾಗೆ ಹೊರಳಿತ್ತು. ಕೆಳಗಿನ ಅರ್ಧ ಮಾತ್ರ ಎಡಗಣ್ಣಿನಷ್ಟೇ ಚೊಕ್ಕ. ನಮ್ಮ ಯಜಮಾನರು ಕುರ್ಚಿ ಹಿಡಿದುಕೊಂಡರು.

“ಇದಕ್ಕೆ ಅಕ್ಷಿಪಟಲದ ಅಭಿಧಮನಿ, ಅಂದ್ರೆ ರಕ್ತ ಹಿಂದಕ್ಕೆ ಒಯ್ಯೋ ನಾಳ, ಕಟ್ಟಿಕೊಳ್ಳೋದು ಅಂತಾರೆ. ನಿಮಗೆ ಆಗಿರೋದು ಒಂದು ಶಾಖೆ ಮಾತ್ರ. ಮೇಲಿನ ಹೊರಗಡೆ ಶಾಖೆ. ಜಾಸ್ತಿ ಜನಕ್ಕೆ ಕಟ್ಟೋದು ಇದೇನೇ” ಅಂದರು ಡಾಕ್ಟರ್.

ಮೇಲೆ ಕಟ್ಟಿದರೆ ಕೆಳಗೆ ಯಾಕೆ ಕಾಣುವುದಿಲ್ಲ ಅಂತ ಕೇಳಿದೆ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ನೋಟದ ಕೆಳಭಾಗ ಬೀಳುವುದು ಅಕ್ಷಿಪಟಲದ ಮೇಲರ್ಧದ ಮೇಲೆ. ಬಕೆಟ್ ಹೋಗಿದ್ದೂ, ಒತ್ತಕ್ಷರ ಹೋಗಿದ್ದೂ ಅದಕ್ಕೇ. ಒತ್ತಕ್ಷರದ ವಿಷಯ ಹೇಳಿದಾಗ ಡಾಕ್ಟರ್ ಪೆನ್ನು ಕೆಳಗಿಟ್ಟು, “ಇನ್ನೊಂದ್ಸಲ ಹೇಳಿ” ಅಂದರು. ಜೊತೆಗಿದ್ದ ಕಲಿಯುವ ಡಾಕ್ಟರುಗಳನ್ನು ಕರೆದು ಕೇಳಿಸಿದರು.

ಅವರು ಒಂದು ಹಾಳೆಯಲ್ಲಿ ಗೀಚಿ ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅಕ್ಷಿಪಟಲದಲ್ಲಿ ರಕ್ತ ತರುವ ನಾಳ ಮತ್ತು ರಕ್ತ ಹಿಂದಕ್ಕೆ ಒಯ್ಯುವ ನಾಳ ಅಲ್ಲಲ್ಲಿ ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಆ ಜಾಗದಲ್ಲಿ ಎರಡಕ್ಕೂ ಸೇರಿ ಒಂದೇ ಹೊದಿಕೆ. ವರ್ಷಗಟ್ಟಲೆ ಬಿಪಿ ಜಾಸ್ತಿಯಿದ್ದರೆ ರಕ್ತ ತರುವ ನಾಳ ಗಟ್ಟಿಯಾಗಿ ದಪ್ಪವಾಗುತ್ತದೆ. ಅದು ಮೆತ್ತಗಿನ ಪಕ್ಕದ ನಾಳವನ್ನು ಅದುಮುತ್ತದೆ. ಅಲ್ಲಿ ರಕ್ತ ನಿಧಾನವಾಗಿ, ಹೆಪ್ಪುಗಟ್ಟಿ, ದಾರಿ ಮುಚ್ಚುತ್ತದೆ. ಹಿಂದಿನಿಂದ ಬರುವ ರಕ್ತಕ್ಕೆ ಹೋಗಲು ದಾರಿಯಿಲ್ಲ. ಅದು ಸಣ್ಣ ನಾಳಗಳ ಗೋಡೆಯಿಂದ ಹೊರಗೆ ಸೋರುತ್ತದೆ.

ನಾನು ಮಂಡ್ಯದ ಕಡೆಯವಳು. ಅಪ್ಪನ ಗದ್ದೆ ವಿ.ಸಿ. ನಾಲೆಯ ಬಯಲಿನಲ್ಲಿತ್ತು. ಕೇಳುತ್ತಿದ್ದಂತೆ ನನಗೆ ಕಣ್ಣ ಮುಂದೆ ಬಂದಿದ್ದು ಬಸಿಗಾಲುವೆ. ನಾಲೆಯಿಂದ ನೀರು ಬರುವುದು ಎಷ್ಟು ಮುಖ್ಯವೋ ಬಸಿಗಾಲುವೆಯಲ್ಲಿ ನೀರು ಇಳಿದುಹೋಗುವುದೂ ಅಷ್ಟೇ ಮುಖ್ಯ. ಅದರಲ್ಲಿ ಹೂಳು ತುಂಬಿದರೆ ಗದ್ದೆಯಲ್ಲಿ ನೀರು ನಿಂತು, ಬುಡ ಕೊಳೆತು, ಪೈರು ಹಳದಿಯಾಗುತ್ತದೆ. ನೀರಿಲ್ಲದೆ ಅಲ್ಲ, ನೀರು ಹೋಗದೆ. ಇದನ್ನು ಹೇಳಿದೆ. “ಅದೇಮ್ಮಾ, ಅದೇ” ಅಂದರು.

ಆಮೇಲೆ ಓಸಿಟಿ ಅನ್ನುವ ಸ್ಕ್ಯಾನ್. ಮುಟ್ಟುವುದಿಲ್ಲ, ಚುಚ್ಚುವುದಿಲ್ಲ, ಗಲ್ಲ ಊರಿ ಒಂದು ಗುರುತನ್ನು ನೋಡುತ್ತ ಕೂತರೆ ಬೆಳಕಿನಿಂದಲೇ ಅಕ್ಷಿಪಟಲವನ್ನು ಅಡ್ಡಕ್ಕೆ ಕೊಯ್ದಂತೆ ಚಿತ್ರ ಬರುತ್ತದೆ. ನಾವು ಓದಲು, ಸೂಜಿಗೆ ದಾರ ಪೋಣಿಸಲು, ಮುಖ ಗುರುತಿಸಲು ಬಳಸುವ ನಟ್ಟನಡುವಿನ ಜಾಗಕ್ಕೆ ಮ್ಯಾಕುಲಾ ಅನ್ನುತ್ತಾರೆ. ಎಡಗಣ್ಣಿನಲ್ಲಿ ಅದು ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿತ್ತು, ದಪ್ಪ 248 ಮೈಕ್ರಾನ್. ಬಲಗಣ್ಣಿನಲ್ಲಿ ಬಟ್ಟಲೇ ಇಲ್ಲ. ಉಬ್ಬಿದ ಪೂರಿಯ ಹಾಗೆ ಎದ್ದಿತ್ತು, 486 ಮೈಕ್ರಾನ್, ಒಳಗೆಲ್ಲ ನೀರು ತುಂಬಿದ ಕಪ್ಪು ಗೂಡುಗಳು. ನನ್ನ ದೃಷ್ಟಿ ಕೆಡಿಸುತ್ತಿದ್ದುದು ಚೆಲ್ಲಿದ ರಕ್ತಕ್ಕಿಂತ ಹೆಚ್ಚಾಗಿ ಈ ಊತವೇ. ರಕ್ತ ತಿಂಗಳುಗಳಲ್ಲಿ ತಾನಾಗಿ ಕರಗುತ್ತದೆ. ಊತ ಬಹಳ ದಿನ ನಿಂತರೆ ಅಲ್ಲಿನ ಸೂಕ್ಷ್ಮ ಕೋಶಗಳು ಸತ್ತುಹೋಗುತ್ತವೆ, ಆಮೇಲೆ ಏನು ಮಾಡಿದರೂ ಬರುವುದಿಲ್ಲ.

ರಕ್ತ ತೆಳುವಾಗುವ ಮಾತ್ರೆ ಕೊಟ್ಟು ಆ ಹೆಪ್ಪನ್ನು ಕರಗಿಸಬಹುದಲ್ಲ ಅಂತ ನಮ್ಮ ಯಜಮಾನರು ಕೇಳಿದರು. ಅವರಿಗೆ ಹೃದಯದ ಸ್ಟೆಂಟ್ ಆಗಿದೆ, ಆ ಮಾತ್ರೆ ಗೊತ್ತು. ಕಣ್ಣಿನ ಈ ಕಟ್ಟನ್ನು ಬಿಡಿಸಲು ಅದು ಕೆಲಸ ಮಾಡುವುದಿಲ್ಲ ಅಂದರು ಡಾಕ್ಟರ್. ಕಟ್ಟಿದ ನಾಳ ಬಿಡಿಸಲು ಔಷಧಿಯಿಲ್ಲ. ಊತ ಇಳಿಸಬೇಕು, ಅಷ್ಟರಲ್ಲಿ ದೇಹ ಪಕ್ಕದಲ್ಲಿ ಸಣ್ಣ ಬದಲಿ ದಾರಿ ಮಾಡಿಕೊಳ್ಳುತ್ತದೆ. ಊತಕ್ಕೆ ಔಷಧಿ ಇದೆ. ಆದರೆ ಅದು ಕಣ್ಣಿನ ಒಳಗೇ ಹೋಗಬೇಕು, ಸೂಜಿಯಲ್ಲಿ.

ಕಣ್ಣಿಗೆ ಸೂಜಿ ಅಂದಾಗ ನನ್ನ ಕೈಕಾಲು ತಣ್ಣಗಾಯಿತು. ಡಾಕ್ಟರ್ ಅವಸರ ಮಾಡಲಿಲ್ಲ. ನಿಧಾನವಾಗಿ ವಿವರಿಸಿದರು. ರಕ್ತ ಸಿಗದ ಜಾಗ ವಿಇಜಿಎಫ್ ಅನ್ನುವ ಒಂದು ವಸ್ತುವನ್ನು ಸುರಿಸುತ್ತದೆ. ಅದು ನಾಳಗಳನ್ನು ಇನ್ನೂ ಸೋರುವಂತೆ ಮಾಡುತ್ತದೆ. ಸೂಜಿಯ ಔಷಧಿ ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಮೊದಲಿನ ಕಾಲದಲ್ಲಿ ಲೇಸರ್ ಒಂದೇ ಇತ್ತು. ಶಾಖೆ ಕಟ್ಟಿದವರಿಗೆ ಲೇಸರ್ ಉಪಯೋಗಕ್ಕೆ ಬರುತ್ತದೆ ಅಂತ ಅಮೆರಿಕದ ಅಧ್ಯಯನ 1984ರಲ್ಲಿ ತೋರಿಸಿತು. ಸುಮಾರು ಕಾಲು ಶತಮಾನ ಅದೇ ನಡೆಯಿತು. 2010ರಲ್ಲಿ ರಾನಿಬಿಜುಮ್ಯಾಬ್ ಸೂಜಿಯ ಫಲಿತಾಂಶ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಮೂರು ನಾಲ್ಕು ಔಷಧಿಗಳಿವೆ, ಬೆಲೆ ಒಂದಕ್ಕೊಂದು ಅಜಗಜಾಂತರ. ಅವುಗಳಲ್ಲಿ ಅಗ್ಗದ್ದು ಬೆವಾಸಿಜುಮ್ಯಾಬ್. ಅದು ದೊಡ್ಡ ಕರುಳಿನ ಕ್ಯಾನ್ಸರಿಗೆ ಅಂತ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಿ. ಕಣ್ಣಿಗೆ ಅದರ ಒಂದು ಚಿಟಿಕೆ ಸಾಕು, ಆದ್ದರಿಂದ ಒಂದು ಸೀಸೆಯನ್ನು ಹಲವರಿಗೆ ಹಂಚಬಹುದು. ಒಂದು ಸೂಜಿಗೆ ಮುಗಿಯುವುದಿಲ್ಲ, ಮೊದಲು ತಿಂಗಳಿಗೊಂದರಂತೆ ಮೂರಾದರೂ ಬೇಕು ಅಂದಾಗ ನಾವು ಮನೆಯ ಲೆಕ್ಕ ಹಾಕಿದೆವು. ಅಗ್ಗದ್ದನ್ನೇ ಆರಿಸಿದೆವು. ಕೆಲಸದಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಅಂತ ಅವರು ಹೇಳಿದ್ದು ನನಗೆ ದೊಡ್ಡ ಸಮಾಧಾನ.

ಹೊರಡುವಾಗ ಕೈಗೆ ಒಂದು ಹಾಳೆ ಕೊಟ್ಟರು. ಸೂಜಿ ಹಾಕಿಸಿಕೊಂಡವರಿಗೆ ಸೂಚನೆಗಳು, ದಪ್ಪ ಅಕ್ಷರದ ಕನ್ನಡದಲ್ಲಿ. ಅಭ್ಯಾಸಬಲದಿಂದ ಎಡಗಣ್ಣು ಮುಚ್ಚಿ ನೋಡಿದೆ. ಮೊದಲ ಸಾಲು ‘ಕಣಿಗೆ ನೀರು ತಾಗಿಸಬೇಡಿ’ ಅಂತಿತ್ತು. ಇದು ಅಚ್ಚಿನ ತಪ್ಪೋ ನನ್ನ ಕಣ್ಣಿನ ತಪ್ಪೋ ನನಗೆ ತಿಳಿಯಲಿಲ್ಲ. 26 ವರ್ಷದಲ್ಲಿ ಆ ಅನುಮಾನ ಒಂದು ದಿನವೂ ಬಂದಿರಲಿಲ್ಲ. ಎಡಗಣ್ಣು ಬಿಟ್ಟೆ. ‘ಕಣ್ಣಿಗೆ’ ಅಂತ ಸರಿಯಾಗೇ ಇತ್ತು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಸೂಜಿಗೆ ಮುಂಚೆ ಬಿಪಿ ಇಳಿಯಬೇಕಿತ್ತು. ಫಿಜಿಷಿಯನ್ ಹತ್ತಿರ ಕಳಿಸಿದರು. ಸಕ್ಕರೆ, ಕೊಬ್ಬು, ರಕ್ತದ ಎಣಿಕೆ, ಇಎಸ್‌ಆರ್, ಮೂತ್ರಪಿಂಡದ ಪರೀಕ್ಷೆ, ಇಸಿಜಿ ಎಲ್ಲ ಆಯಿತು. ಸಕ್ಕರೆ ಇರಲಿಲ್ಲ, ಕೆಟ್ಟ ಕೊಬ್ಬು ಸ್ವಲ್ಪ ಜಾಸ್ತಿ. ಫಿಜಿಷಿಯನ್ ಒಂದು ಮಾತು ಹೇಳಿದರು. ದೇಹದಲ್ಲಿ ರಕ್ತನಾಳವನ್ನು ಕೊಯ್ಯದೆ ನೇರವಾಗಿ ಕಣ್ಣಿಂದ ನೋಡಬಹುದಾದ ಜಾಗ ಅಕ್ಷಿಪಟಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದನ್ನು ನೋಡುವ ಉಪಕರಣ ಮಾಡಿದ ಮೇಲೆ ಡಾಕ್ಟರುಗಳಿಗೆ ಅದೊಂದು ಕಿಟಕಿಯಾಯಿತು. ಕಣ್ಣಿನಲ್ಲಿ ಹೀಗಾಗಿದೆ ಅಂದರೆ ಮಿದುಳಿನಲ್ಲಿ, ಹೃದಯದಲ್ಲಿ ನಾಳಗಳು ಹೇಗಿರಬಹುದು ಅಂತ ಯೋಚಿಸಿ ಅಂದರು. ಅವತ್ತಿನಿಂದ ಇವತ್ತಿನವರೆಗೆ ನಾನು ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ.

ಸೂಜಿಯ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಆ ಹೆಸರು ಕೇಳಿಯೇ ಎಷ್ಟೋ ಜನ ಹಿಂದಕ್ಕೆ ಹೋಗುತ್ತಾರೆ. ಹಸಿರು ಗೌನು, ತಲೆಗೆ ಟೋಪಿ ಹಾಕಿಸಿದರು. ಕಣ್ಣು ಅದಲುಬದಲಾಗದಿರಲೆಂದು ಬಲಹುಬ್ಬಿನ ಮೇಲೆ ಪೆನ್ನಿನಲ್ಲಿ ಗುರುತು ಮಾಡಿದರು. ಮರಗಟ್ಟುವ ಡ್ರಾಪ್ಸ್ ಮೂರು ನಾಲ್ಕು ಸಲ. ಒಳಗೆ ಮಲಗಿಸಿ ರೆಪ್ಪೆ, ಸುತ್ತಲಿನ ಚರ್ಮ, ಕಣ್ಣಿನ ಒಳಗೆಲ್ಲ ಪೊವಿಡೋನ್ ಅಯೋಡಿನ್ ಹಾಕಿದರು. ಸೋಂಕು ತಡೆಯುವ ಕಂದು ದ್ರಾವಣ ಅದು. ಮುಖಕ್ಕೆ ಬಟ್ಟೆ ಹೊದಿಸಿ, ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ ಇಟ್ಟರು. ನನಗೆ ಎಲ್ಲಕ್ಕಿಂತ ಇರುಸುಮುರುಸಾಗಿದ್ದು ಆ ಕ್ಲಿಪ್ಪೇ. “ಎಡಗಡೆ ಕೆಳಗೆ ನೋಡಿಮ್ಮ, ಅಲ್ಲೇ ನೋಡ್ತಿರಿ” ಅಂದರು. ಕಪ್ಪು ಗುಡ್ಡೆಯ ಅಂಚಿನಿಂದ 4 ಮಿಲಿಮೀಟರ್ ಅಳೆದು, ಬಿಳಿಯ ಭಾಗದಲ್ಲಿ ಚುಚ್ಚುತ್ತಾರೆ. ಅಲ್ಲಿ ಮುಂದಿನ ಮಸೂರವೂ ತಾಗುವುದಿಲ್ಲ, ಹಿಂದಿನ ಪರದೆಯೂ ತಾಗುವುದಿಲ್ಲ. ಒಂದು ಒತ್ತು ಗೊತ್ತಾಯಿತು, ಹೆಬ್ಬೆರಳಿನಿಂದ ಅದುಮಿದಂತೆ. ಔಷಧಿ 0.05 ಮಿಲಿ ಲೀಟರ್, ಒಂದು ಹನಿಯಷ್ಟು. ಒಂದರಿಂದ ಹತ್ತು ಎಣಿಸುವುದರೊಳಗೆ ಮುಗಿದಿತ್ತು. “ಎಷ್ಟು ಬೆರಳು?” ಅಂತ ಕೇಳಿದರು. “ಎರಡು” ಅಂದೆ.

ಎದ್ದು ಕೂತಾಗ ನೋಟದ ಕೆಳಗಡೆ ಎರಡು ಕಪ್ಪು ಗುಂಡುಗಳು ಕುಣಿಯುತ್ತಿದ್ದವು. ಹೆದರಿದೆ. ಅದು ಔಷಧಿಯ ಜೊತೆ ಹೋದ ಗಾಳಿಯ ಗುಳ್ಳೆ, ಒಂದೆರಡು ದಿನದಲ್ಲಿ ಹೋಗುತ್ತದೆ ಅಂದರು. ಗುಳ್ಳೆ ಮೇಲಕ್ಕೆ ತೇಲಿರುತ್ತದೆ, ಆದರೆ ಕಾಣುವುದು ಕೆಳಗೆ. ಮತ್ತೆ ಅದೇ ತಲೆಕೆಳಗಿನ ಲೆಕ್ಕ. ಸಂಜೆ ಉರಿ ಜಾಸ್ತಿಯಾಯಿತು, ಮರಳು ಬಿದ್ದ ಹಾಗೆ. ಬೆಳಗ್ಗೆಗೆ ಹೋಯಿತು. ಚುಚ್ಚಿದ ಜಾಗದಲ್ಲಿ ರಕ್ತದ ಕಲೆ ಒಂದು ವಾರ ಇತ್ತು, ನೋಡಿದವರೆಲ್ಲ ಗಾಬರಿಯಾದರು. ಅದು ಗಾಬರಿಪಡುವಂಥದ್ದಲ್ಲ. ಒಂದೆರಡು ದಿನದ ಮೇಲೆ ನೋವು ಏರುತ್ತ ಹೋಗಿ, ಕಣ್ಣು ಕೆಂಪಾಗಿ, ದೃಷ್ಟಿ ಇಳಿದರೆ ಮಾತ್ರ ಹೊತ್ತು ನೋಡದೆ ಬರಬೇಕು, ಅದು ಒಳಗಿನ ಸೋಂಕಿರಬಹುದು ಅಂತ ನರ್ಸ್ ಎರಡೆರಡು ಸಲ ಹೇಳಿ ಕಳಿಸಿದ್ದರು.

ಒಂದು ತಿಂಗಳ ಮೇಲೆ ಸ್ಕ್ಯಾನಿನಲ್ಲಿ 330. ಮೂರನೇ ಸೂಜಿ ಆದ ಮೇಲೆ 264. ಬಟ್ಟಲು ಮತ್ತೆ ಕಾಣಿಸಿತು. ಬೋರ್ಡಿನಲ್ಲಿ 6/12 ಓದಿದೆ. ಮನೆಗೆ ಬಂದು ಪಾಯಸ ಮಾಡಿದೆ.

ಆಗಲೇ ಇನ್ನೊಂದು ಪರೀಕ್ಷೆಯೂ ಆಯಿತು. ಮೊದಲೇ ಮಾಡಿದ್ದರೆ ಚೆಲ್ಲಿದ ರಕ್ತ ಅಡ್ಡ ಬಂದು ಏನೂ ಕಾಣುತ್ತಿರಲಿಲ್ಲವಂತೆ. ಮುಂಗೈ ನಾಳಕ್ಕೆ ಹಳದಿ ಬಣ್ಣದ ಡೈ ಹಾಕಿ, ಅದು ಕಣ್ಣಿನ ನಾಳಗಳಲ್ಲಿ ಹರಿಯುವುದನ್ನು ಸರಸರನೆ ಫೋಟೋ ತೆಗೆಯುತ್ತಾರೆ. ಡೈ ಹೋದ ಕ್ಷಣ ಹೊಟ್ಟೆ ತೊಳಸಿದಂತಾಯಿತು, ಒಂದು ನಿಮಿಷದಲ್ಲಿ ನಿಂತಿತು. ಅವತ್ತಿಡೀ ಮೈ ಅರಿಶಿನ ಹಚ್ಚಿಕೊಂಡ ಹಾಗೆ, ಮೂತ್ರ ಕಿತ್ತಳೆ ಬಣ್ಣ. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಫೋಟೋದಲ್ಲಿ ಬೀಸಣಿಗೆಯ ಒಂದು ಭಾಗದಲ್ಲಿ ಡೈ ತುಂಬದೆ ಕಪ್ಪಾಗಿ ಉಳಿದಿತ್ತು. ಅಲ್ಲಿ ಸಣ್ಣ ನಾಳಗಳು ಮುಚ್ಚಿಹೋಗಿವೆ. ಅದು ಬಹಳ ದೊಡ್ಡದಲ್ಲ, ಆದರೆ ಅಲ್ಲಿಂದ ಹೊಸ ನಾಳಗಳು ಹುಟ್ಟುತ್ತವೆಯೇ ಅಂತ ಕಣ್ಣಿಟ್ಟಿರಬೇಕು, ಹುಟ್ಟಿದರೆ ಲೇಸರ್ ಅಂದರು.

ಈಗ ಬೆಂಚಿನ ಪಕ್ಕದ ಆ ರೈತರ ವಿಷಯ. ಅವರನ್ನು ನಾನು ಅಜ್ಜಾರೆ ಅನ್ನುತ್ತೇನೆ, ಅವರು ನನ್ನನ್ನು ತಾಯಿ ಅನ್ನುತ್ತಾರೆ. ಅವರಿಗೆ ಕಟ್ಟಿದ್ದು ಶಾಖೆಯಲ್ಲ, ಕಾಂಡವೇ. ನಾಲ್ಕು ಕಡೆಯ ಶಾಖೆಗಳೂ ಸೇರಿ ನರದ ಜೊತೆ ಹೊರಗೆ ಹೋಗುವ ಮುಖ್ಯ ಅಭಿಧಮನಿ. ಒಂದು ಬೆಳಗ್ಗೆ ಎದ್ದಾಗ ಎಡಗಣ್ಣಿನಲ್ಲಿ ಎಲ್ಲ ಕತ್ತಲೆಗಟ್ಟಿತ್ತಂತೆ. “ನೋವಿದ್ದಿದ್ರೆ ಬರ್ತಿದ್ದೆ ಕಣವ್ವ. ನೋವೇ ಇರ್ನಿಲ್ಲ. ಇನ್ನೊಂದು ಕಣ್ಣು ಐತಲ್ಲ ಅಂದ್ಕಂಡು ಭತ್ತದ ಕೆಲ್ಸ ಮುಗಿಸ್ದೆ” ಅಂದರು. ಆಸ್ಪತ್ರೆಗೆ ಬಂದಿದ್ದು ಮೂರು ತಿಂಗಳ ಮೇಲೆ. ಕರೆತಂದಿದ್ದು ನೋವು. ಕಣ್ಣು ಕೆಂಪಾಗಿ, ಅರ್ಧ ತಲೆ ಸಿಡಿಯುತ್ತಿತ್ತು. ರಕ್ತ ಸಿಗದೆ ಹಸಿದ ಅಕ್ಷಿಪಟಲ ಹೊಸ ನಾಳಗಳನ್ನು ಹುಟ್ಟಿಸಿ, ಅವು ಪಾಪೆಯ ಸುತ್ತ ಬೆಳೆದು, ಕಣ್ಣಿನೊಳಗಿನ ನೀರು ಹೊರಹೋಗುವ ಮೂಲೆಯನ್ನು ಮುಚ್ಚಿದ್ದವು. ಒತ್ತಡ 48. ಸಾಮಾನ್ಯವಾಗಿ 21ರ ಒಳಗಿರಬೇಕಾದದ್ದು. ಅವರ ಪಾಪೆಗೆ ಟಾರ್ಚ್ ಹಾಕಿದರೆ ಕುಗ್ಗುವ ಬದಲು ಹಿಗ್ಗುತ್ತಿತ್ತಂತೆ. ನನಗೆ ಟಾರ್ಚ್ ಆಡಿಸಿ ನೋಡಿದ್ದು ಏಕೆ ಅಂತ ಆಗ ಅರ್ಥವಾಯಿತು. ಲೇಸರ್, ಸೂಜಿ, ಒತ್ತಡದ ಡ್ರಾಪ್ಸ್ ಎಲ್ಲ ಕೊಟ್ಟರು. ನೋವು ಹೋಯಿತು. ಆ ಕಣ್ಣಿಗೆ ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ.

ಇನ್ನೊಬ್ಬ ಹೆಂಗಸು, ಸಕ್ಕರೆ ಕಾಯಿಲೆಯವರು, ಕನ್ನಡಕ ಬದಲಿಸಲು ಬಂದವರು. ಅವರಿಗೆ ಮೂಗಿನ ಕಡೆಯ ಶಾಖೆ ಕಟ್ಟಿತ್ತು. ಆ ಕಡೆ ಮ್ಯಾಕುಲಾ ಇಲ್ಲ. ಹಾಗಾಗಿ ಅವರಿಗೆ ಏನೂ ತಿಳಿದಿರಲೇ ಇಲ್ಲ, ಬೋರ್ಡಿನಲ್ಲಿ 6/6 ಓದುತ್ತಿದ್ದರು. ಒಂದೇ ಹೆಸರಿನ ಕಾಯಿಲೆ ಒಂದೇ ಬೆಂಚಿನಲ್ಲಿ ಕೂತ ಮೂವರಲ್ಲಿ ಮೂರು ಥರ. ಕಣ್ಣಿನ ನಾಳದ ಕಾಯಿಲೆಗಳಲ್ಲಿ ಸಕ್ಕರೆಯಿಂದ ಬರುವುದನ್ನು ಬಿಟ್ಟರೆ ಜಾಸ್ತಿ ಕಾಣುವುದು ಇದೇ ಅಂತ ಡಾಕ್ಟರ್ ಹೇಳಿದ್ದರು. ಆದರೂ 57 ವರ್ಷದವರೆಗೆ ನಾನು ಅದರ ಹೆಸರೇ ಕೇಳಿರಲಿಲ್ಲ. ಪ್ರೂಫ್ ನೋಡಿದ ಎಷ್ಟೋ ಆರೋಗ್ಯದ ಪುಸ್ತಕಗಳಲ್ಲೂ ಓದಿದ ನೆನಪಿಲ್ಲ.

ನನ್ನದೂ ಮೂರು ಸೂಜಿಗೆ ಮುಗಿಯಲಿಲ್ಲ. ಐದನೇ ತಿಂಗಳಲ್ಲಿ ಗೆರೆಗಳು ಮತ್ತೆ ಜಗ್ಗತೊಡಗಿದವು. ದಿನಾ ಬೆಳಗ್ಗೆ ಅಡುಗೆಮನೆಯ ಕ್ಯಾಲೆಂಡರನ್ನು ಒಂದೊಂದೇ ಕಣ್ಣು ಮುಚ್ಚಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೆ, ಹಾಗಾಗಿ ಬೇಗ ತಿಳಿಯಿತು. ಎರಡು ದಿನದಲ್ಲಿ ಹೋದೆ. 352. ಆ ದಿನ ಮೊದಲ ದಿನಕ್ಕಿಂತ ಜಾಸ್ತಿ ಕುಸಿದುಹೋದೆ. ವಾಸಿಯಾಯಿತು ಅಂದುಕೊಂಡದ್ದು ಮರಳಿ ಬರುವುದು ಬೇರೆಯದೇ ದುಃಖ. ಈ ಕಾಯಿಲೆಯಲ್ಲಿ ಹೀಗಾಗುವುದು ಸಾಮಾನ್ಯ, ಬೇಗ ಬಂದಿದ್ದೀರಿ ಅಂತ ಡಾಕ್ಟರ್ ಬೆನ್ನು ತಟ್ಟಿದರು. ಇನ್ನೆರಡು ಸೂಜಿ ಆಯಿತು. ಒಟ್ಟು ಐದು. ಈಗ ಏಳು ತಿಂಗಳಿಂದ ಊತ ಬಂದಿಲ್ಲ. ಬಿಪಿ 130ರ ಆಸುಪಾಸು. ದೃಷ್ಟಿ 6/9. ಗಮನವಿಟ್ಟು ನೋಡಿದರೆ ಕೆಳಗೆ ಒಂದು ತೆಳ್ಳಗಿನ ಮಬ್ಬು ಇನ್ನೂ ಇದೆ. ಡೈ ತುಂಬದ ಜಾಗ ಅದು. ಅದು ಇರುತ್ತದೆ.

ಹೋದ ತಿಂಗಳು ತಪಾಸಣೆಗೆ ಹೋದಾಗ ಅಜ್ಜಾರು ಸಿಕ್ಕರು. ಕಾಯಿಲೆ ಬಂದ ಕಣ್ಣಿಗೆ ಮತ್ತೊಂದು ಸೂಜಿ ಹಾಕಿಸಿಕೊಂಡು ಪ್ಲಾಸ್ಟಿಕ್ ಕವಚ ಕಟ್ಟಿಕೊಂಡು ಕೂತಿದ್ದರು. ಇನ್ನೊಂದು ಕಣ್ಣಿಗೆ ಪಾಪೆಯ ಡ್ರಾಪ್ಸ್ ಹಾಕಿದ್ದರಿಂದ ಹತ್ತಿರದ್ದು ಓದಲಾಗದು. “ಇದ್ರಾಗೆ ಏನ್ ಬರ್ದವ್ರೆ, ಒಸಿ ಓದು ತಾಯಿ” ಅಂತ ಸೂಚನೆಯ ಹಾಳೆ ಕೊಟ್ಟರು. ನನಗೆ ಅವತ್ತು ಇನ್ನೂ ಡ್ರಾಪ್ಸ್ ಹಾಕಿರಲಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಿನಿಂದಲೇ ಓದಿದೆ. ‘ಕಣ್ಣಿಗೆ ನೀರು ತಾಗಿಸಬೇಡಿ.’ ಣ ಕೆಳಗಿನ ಒತ್ತು ಕಂಡಿತು. ‘ಕಣ್ಣನ್ನು ಉಜ್ಜಬೇಡಿ.’ ಅದೂ ಕಂಡಿತು. ಕೊನೆಯ ಸಾಲಿಗೆ ಬಂದೆ. ‘ನೋವು ಹೆಚ್ಚಾದರೆ ತಕ್ಷಣ ವೈದ್ಯರನು ಕಾಣಿರಿ.’

ಅಲ್ಲಿಗೇ ನಿಂತೆ. ಕೈ ತೆಗೆದು ಎಡಗಣ್ಣಿನಿಂದ ನೋಡಿದೆ. ‘ವೈದ್ಯರನು.’ ಎರಡೂ ಕಣ್ಣಿನಿಂದ ನೋಡಿದೆ. ‘ವೈದ್ಯರನು.’ ಒತ್ತು ಹಾಳೆಯಲ್ಲೇ ಇರಲಿಲ್ಲ. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಹಾಕಿದೆ.